‘ಕ್ಲರ್ಕ್ಸ್’: ಬೈಗುಳ ತೆಗೆದರೆ ಏನು ಉಳಿಯುತ್ತೆ?

ಕೆಲವು ಸಿನಿಮಾಗಳ ಮಾತು ಬಂದರೆ ಸಾಕು, ಕೂತ ಗುಂಪು ಎರಡಾಗುವುದು ಗ್ಯಾರಂಟಿ. 1994ರಲ್ಲಿ ತೆರೆಗೆ ಬಂದ ಅಮೆರಿಕದ ಹಾಸ್ಯಚಿತ್ರ ‘ಕ್ಲರ್ಕ್ಸ್’ ಅಂಥದ್ದೊಂದು. ಒಂದು ಗುಂಪಿಗೆ ಅದು ಕತೆಯಿಲ್ಲದ, ಬಾಯಿಗೆ ಬಂದದ್ದೆಲ್ಲ ಹರಟುವ ಕಪ್ಪು-ಬಿಳುಪು ಕಸ. ಇನ್ನೊಂದು ಗುಂಪು ಅದರ ಸಂಭಾಷಣೆಯನ್ನೆಲ್ಲ ಬಾಯಿಪಾಠ ಹೇಳುತ್ತೆ. ಇಬ್ಬರೂ ನೋಡಿದ್ದು ಒಂದೇ ಚಿತ್ರ. ಹಾಗಾದರೆ ಇಷ್ಟು ಜಗಳ ಯಾಕೆ?

ಯಾಕೆಂದರೆ ಇವರು ಒಂದೇ ಪ್ರಶ್ನೆಗೆ ಉತ್ತರ ಹೇಳುತ್ತಿಲ್ಲ. ಒಬ್ಬರು ಭಾಷೆಯ ಬಗ್ಗೆ, ಒಬ್ಬರು ತಯಾರಿಕೆಯ ಬಗ್ಗೆ, ಮತ್ತೊಬ್ಬರು ಚಿತ್ರದ ನೀತಿಯ ಬಗ್ಗೆ ಮಾತಾಡ್ತಾ ಇರ್ತಾರೆ. ಲ್ಯಾಬಿನಲ್ಲಿ ಸರ್ಕ್ಯೂಟ್ ಕೈಕೊಟ್ಟರೆ ನಾವು ಇಡೀ ಬೋರ್ಡನ್ನು ಬೈಯುತ್ತಾ ಕೂರುವುದಿಲ್ಲ. ಒಂದೊಂದೇ ಭಾಗವನ್ನು ಬೇರೆ ಮಾಡಿ ಪರೀಕ್ಷಿಸುತ್ತೇವೆ. ಈ ಚಿತ್ರಕ್ಕೂ ಅದನ್ನೇ ಮಾಡಿ ನೋಡೋಣ.

ಕತೆ ಇಷ್ಟೇ

ನ್ಯೂಜೆರ್ಸಿಯ ಲಿಯೊನಾರ್ಡೊ ಎಂಬ ಊರಲ್ಲಿ ‘ಕ್ವಿಕ್ ಸ್ಟಾಪ್’ ಅಂತ ಒಂದು ಅಂಗಡಿ. ಹಾಲು, ಸಿಗರೇಟು, ಪೇಪರು ಮಾರುವ ಜಾಗ. ಅಲ್ಲಿ ಕೆಲಸ ಮಾಡುವ ಡಾಂಟೆ ಎಂಬ 22ರ ಹುಡುಗನಿಗೆ ರಜೆಯ ದಿನವೇ ಬುಲಾವ್ ಬರುತ್ತೆ. ಗೊಣಗುತ್ತಲೇ ಬರುತ್ತಾನೆ. ಬೀಗಕ್ಕೆ ಯಾರೋ ಚ್ಯೂಯಿಂಗ್ ಗಮ್ ತುರುಕಿರುವುದರಿಂದ ಶಟರ್ ಎತ್ತಲು ಆಗುವುದಿಲ್ಲ. ಅಂಗಡಿ ತೆರೆದಿದೆ ಅಂತ ಒಂದು ಬೆಡ್‌ಶೀಟಿನ ಮೇಲೆ ಶೂ ಪಾಲಿಶ್‌ನಲ್ಲಿ ಬರೆದು ಹೊರಗೆ ತೂಗುಹಾಕುತ್ತಾನೆ. ಪಕ್ಕದ ವಿಡಿಯೊ ಅಂಗಡಿಯಲ್ಲಿ ಗೆಳೆಯ ರಾಂಡಲ್. ತನ್ನ ಅಂಗಡಿಗೆ ಬೀಗ ಹಾಕಿ ಡಾಂಟೆಯ ಕೌಂಟರಿನ ಹತ್ತಿರ ಹರಟೆ ಹೊಡೆಯುವುದೇ ಅವನ ಡ್ಯೂಟಿ. ನಡುವೆ ಮಹಡಿಯ ಮೇಲೆ ಹಾಕಿ ಆಟ, ಒಂದು ಅಂತ್ಯಸಂಸ್ಕಾರ, ಈಗಿನ ಗೆಳತಿ ವೆರೋನಿಕಾ, ಹಳೆಯ ಗೆಳತಿ ಕೇಟ್ಲಿನ್, ಮತ್ತು ತಲೆ ತಿನ್ನುವ ಗಿರಾಕಿಗಳು. ಬೆಳಿಗ್ಗೆ ಶುರುವಾಗಿ ರಾತ್ರಿ ಮುಗಿಯುತ್ತೆ.

ಇಂಥ ಚಿತ್ರಗಳಿಗೆ ‘ಸ್ಲ್ಯಾಕರ್’ ಕಾಮಿಡಿ ಅಂತಾರೆ. ಸ್ಲ್ಯಾಕರ್ ಅಂದರೆ ಮೈಗಳ್ಳ. ಮೊದಲ ಮಹಾಯುದ್ಧದ ಕಾಲದಲ್ಲಿ ಸೇನೆಗೆ ಸೇರದೆ ತಪ್ಪಿಸಿಕೊಂಡವರನ್ನು ಅಮೆರಿಕದಲ್ಲಿ ಹೀಗೆ ಜರೆಯುತ್ತಿದ್ದರು. 1990ರ ದಶಕಕ್ಕೆ ಬರುವಾಗ ಅರ್ಥ ಬದಲಾಗಿ, ಓದು ಇದ್ದೂ ಎತ್ತ ಹೋಗಬೇಕೆಂದು ತಿಳಿಯದ ತರುಣರ ಹೆಸರಾಯಿತು. ರಿಚರ್ಡ್ ಲಿಂಕ್ಲೇಟರ್ ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ತೆಗೆದ ಚಿತ್ರದ ಹೆಸರೇ ‘ಸ್ಲ್ಯಾಕರ್’. ಅದನ್ನು ತನ್ನ 21ನೇ ಹುಟ್ಟುಹಬ್ಬದ ದಿನ ನೋಡಿದ ಕೆವಿನ್ ಸ್ಮಿತ್‌ಗೆ ತಾನೂ ಸಿನಿಮಾ ಮಾಡಬಹುದು ಅನ್ನಿಸಿತು. ಅದರ ಫಲವೇ ‘ಕ್ಲರ್ಕ್ಸ್’.

ಮೊದಲ ಪ್ರಶ್ನೆ: ಭಾಷೆ ಕೊಳಕೇ?

ಹೌದು, ಕೊಳಕೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ವಿಚಿತ್ರ ಗಮನಿಸಿ. ಈ ಚಿತ್ರದಲ್ಲಿ ನಗ್ನ ದೃಶ್ಯವಿಲ್ಲ, ರಕ್ತಪಾತವಿಲ್ಲ. ಆದರೂ ಅಮೆರಿಕದ ಚಲನಚಿತ್ರ ಸಂಸ್ಥೆ ಮೊದಲಿಗೆ ಕೊಟ್ಟದ್ದು ‘ಎನ್‌ಸಿ-17’ ದರ್ಜೆ. ಅಂದರೆ 17 ಮತ್ತು ಅದಕ್ಕಿಂತ ಚಿಕ್ಕವರಿಗೆ ಚಿತ್ರಮಂದಿರದಲ್ಲಿ ಪ್ರವೇಶವೇ ಇಲ್ಲ. ಬರೀ ಮಾತಿಗಾಗಿ ಈ ಶಿಕ್ಷೆ! ವಿತರಕರಾದ ಮಿರಾಮ್ಯಾಕ್ಸ್‌ನವರು ಹೆಸರಾಂತ ವಕೀಲ ಅಲನ್ ಡರ್ಶೋವಿಟ್ಸ್ ಅವರನ್ನು ಹಿಡಿದು ಮೇಲ್ಮನವಿ ಹಾಕಿದರು. ಒಂದು ದೃಶ್ಯವನ್ನೂ ಕತ್ತರಿಸದೆ ದರ್ಜೆ ‘ಆರ್’ಗೆ ಇಳಿಯಿತು.

ಹರಟೆಯ ಒಳಗೆ ಏನಿದೆ ಅನ್ನೋದಕ್ಕೆ ಒಂದು ಉದಾಹರಣೆ. ‘ಸ್ಟಾರ್ ವಾರ್ಸ್’ ಸರಣಿಯಲ್ಲಿ ನಾಶವಾಗುವ ಎರಡನೇ ‘ಡೆತ್ ಸ್ಟಾರ್’ ಇನ್ನೂ ಕಟ್ಟುತ್ತಾ ಇದ್ದದ್ದು. ಹಾಗಾದರೆ ಅದು ಸಿಡಿದಾಗ ಒಳಗಿದ್ದ ಪ್ಲಂಬರುಗಳು, ಛಾವಣಿ ಹಾಕುವವರು, ಗುತ್ತಿಗೆ ಕೆಲಸಗಾರರ ಗತಿ ಏನು? ರಾಂಡಲ್ ಎತ್ತುವ ಪ್ರಶ್ನೆ ಇದು. ಸರ್ಕಾರ ಯಾವುದಾದರೇನು, ಅವರು ಹೊಟ್ಟೆಪಾಡಿಗೆ ಬಂದ ಅಮಾಯಕರಲ್ವಾ ಅನ್ನುವುದು ಅವನ ವಾದ. ಆಗ ಸಾಮಾನು ಕೊಳ್ಳಲು ಬಂದ ಗಿರಾಕಿಯೊಬ್ಬ ಬಾಯಿ ಹಾಕುತ್ತಾನೆ. ಅವನೇ ಒಬ್ಬ ಛಾವಣಿ ಕೆಲಸದವ. ಪಾತಕಿಯೊಬ್ಬನ ಮನೆಯ ಕೆಲಸಕ್ಕೆ ಒಳ್ಳೇ ದುಡ್ಡು ಬಂದರೂ ಬಿಟ್ಟೆ, ಅದನ್ನು ಒಪ್ಪಿಕೊಂಡ ಗೆಳೆಯ ಗುಂಡೇಟಿಗೆ ಸತ್ತ ಎಂದು ಹೇಳುತ್ತಾನೆ. ಯಾರಿಗಾಗಿ ಕಟ್ಟುತ್ತಿದ್ದೇವೆ ಅನ್ನೋದು ಕಟ್ಟುವವನಿಗೆ ಗೊತ್ತಿರಲೇಬೇಕು ಅನ್ನೋದು ಅವನ ತಾತ್ಪರ್ಯ. ಎಂಜಿನಿಯರ್ ಆಗಹೊರಟ ನಮಗೆ ಇದಕ್ಕಿಂತ ಹತ್ತಿರದ ಪ್ರಶ್ನೆ ಇನ್ನೊಂದಿದೆಯೇ? ನೈತಿಕತೆಯ ಪಾಠ ಇಲ್ಲಿ ಸಿಗರೇಟು ಮಾರುವ ಕೌಂಟರಿನ ಮೇಲೆ ನಡೆಯುತ್ತೆ, ಅಷ್ಟೇ ವ್ಯತ್ಯಾಸ.

ಎರಡನೆಯದು: ತಯಾರಿಕೆ ಕಳಪೆಯೇ?

ಚಿತ್ರಕ್ಕೆ ತಗುಲಿದ ವೆಚ್ಚ 27,575 ಡಾಲರ್. ಸ್ಮಿತ್ ತನ್ನ ಕಾಮಿಕ್ಸ್ ಸಂಗ್ರಹವನ್ನು ಮಾರಿ, ಹಲವು ಕ್ರೆಡಿಟ್ ಕಾರ್ಡುಗಳ ಮೇಲೆ ಸಾಲ ಎತ್ತಿ ಹೊಂದಿಸಿದ ಹಣ ಅದು. ಅವನು ನಿಜವಾಗಿ ಕೆಲಸ ಮಾಡುತ್ತಿದ್ದದ್ದು ಅದೇ ಕ್ವಿಕ್ ಸ್ಟಾಪ್‌ನಲ್ಲಿ. ಹಗಲು ವ್ಯಾಪಾರ, ರಾತ್ರಿ ಅಂಗಡಿ ಮುಚ್ಚಿದ ಮೇಲೆ ಶೂಟಿಂಗ್. ಈಗ ಆ ಮುಚ್ಚಿದ ಶಟರ್ ನೆನಪಿಸಿಕೊಳ್ಳಿ. ಕತೆ ನಡೆಯುವುದು ಹಗಲಲ್ಲಿ, ಚಿತ್ರೀಕರಣ ರಾತ್ರಿಯಲ್ಲಿ. ಕಿಟಕಿಯಾಚೆಯ ಕತ್ತಲು ಕಾಣಬಾರದಲ್ಲ! ಅದಕ್ಕೇ ಬೀಗಕ್ಕೆ ಗಮ್ ಬಂತು. ಕಪ್ಪು-ಬಿಳುಪು ಫಿಲ್ಮ್ ಬಳಸಿದ್ದರಿಂದಲೂ ಖರ್ಚು ಉಳಿಯಿತು.

ದೂರುವವರು ಹೇಳುವುದು ಸುಳ್ಳಲ್ಲ. ಕ್ಯಾಮೆರಾ ನಿಂತ ಕಡೆ ನಿಂತೇ ಇರುತ್ತೆ, ಕೆಲವು ನಟರು ಪಾಠ ಒಪ್ಪಿಸಿದ ಹಾಗೆ ಮಾತಾಡುತ್ತಾರೆ. ರಾಂಡಲ್ ಆಗಿ ನಟಿಸಿದ ಜೆಫ್ ಆಂಡರ್ಸನ್ ಸ್ಮಿತ್‌ನ ಶಾಲಾ ಗೆಳೆಯ, ಪಳಗಿದ ನಟನಲ್ಲ. ಆದರೆ ಕೊರತೆಯನ್ನೇ ಕತೆಯ ಭಾಗ ಮಾಡಿಕೊಂಡದ್ದು ಒಳ್ಳೆಯ ವಿನ್ಯಾಸ ಅಲ್ವಾ? ಎಲ್ಲೂ ಹೋಗಲಾರದ ಡಾಂಟೆಯ ಕತೆಗೆ ಅಲ್ಲಾಡದ ಕ್ಯಾಮೆರಾ, ಬೆಳಕು ಬಾರದ ಅಂಗಡಿ ಸರಿಯಾಗಿಯೇ ಹೊಂದುತ್ತವೆ. 1994ರಲ್ಲಿ ಸನ್‌ಡ್ಯಾನ್ಸ್ ಉತ್ಸವದಲ್ಲಿ ತೋರಿಸಿದ ಮೇಲೆ ಇದನ್ನು ಮಿರಾಮ್ಯಾಕ್ಸ್ ಕೊಂಡಿತು. ಅದೇ ವರ್ಷ ಕಾನ್ ಉತ್ಸವದಲ್ಲೂ ಪ್ರಶಸ್ತಿ ಬಂತು. 2019ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಇದನ್ನು ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಸೇರಿಸಿತು.

ಮೂರನೆಯದು: ಹೆಂಗಸರನ್ನು ಹೇಗೆ ಕಾಣುತ್ತೆ?

ಅಭಿಮಾನಿಗಳು ಜಾರಿಕೊಳ್ಳುವುದು ಇಲ್ಲೇ. ವೆರೋನಿಕಾಳ ಹಿಂದಿನ ಸಂಬಂಧಗಳ ಲೆಕ್ಕ ಕೇಳಿ ಡಾಂಟೆ ರಂಪ ಮಾಡುತ್ತಾನೆ. ತನ್ನ ಲೆಕ್ಕವನ್ನು ಮಾತ್ರ ನಿರಾಳವಾಗಿ ಹೇಳಿಕೊಂಡಿರುತ್ತಾನೆ. ಇಲ್ಲಿ ಚಿತ್ರ ನಗುವುದು ಡಾಂಟೆಯ ಇಬ್ಬಂದಿತನವನ್ನು ಅಂತ ವಾದಿಸಬಹುದು. ಊಟಕ್ಕೆ ಲಸಾನ್ಯಾ ಮಾಡಿ ತಂದುಕೊಡುವವಳು, ಕಾಲೇಜಿಗೆ ಹೋಗು ಅಂತ ಒತ್ತಾಯಿಸುವವಳು ವೆರೋನಿಕಾನೇ. ಚಿತ್ರದುದ್ದಕ್ಕೂ ಬಾಯಿ ಬಿಡದ ಸೈಲೆಂಟ್ ಬಾಬ್ (ಸ್ಮಿತ್‌ನದೇ ಪಾತ್ರ) ಕೊನೆಗೆ ಒಮ್ಮೆ ಮಾತಾಡುವುದೂ ಅವಳ ಪರವಾಗಿಯೇ.

ಆದರೆ ಕೇಟ್ಲಿನ್ ವಿಷಯದಲ್ಲಿ ಈ ಸಮರ್ಥನೆ ನಿಲ್ಲುವುದಿಲ್ಲ. ಕತ್ತಲ ಶೌಚಾಲಯದಲ್ಲಿ ಸತ್ತು ಕೂತಿದ್ದ ಮುದುಕನನ್ನು ಅವಳು ಡಾಂಟೆ ಅಂದುಕೊಂಡು ಹತ್ತಿರ ಹೋಗುತ್ತಾಳೆ. ನಿಜ ತಿಳಿದಾಗ ಆಘಾತದಿಂದ ಮಾತೇ ನಿಂತುಹೋಗಿ ಆಂಬುಲೆನ್ಸ್ ಹತ್ತುತ್ತಾಳೆ. ಆಮೇಲೆ ಅವಳು ಚಿತ್ರದಲ್ಲಿ ಇಲ್ಲ. ಅವಳಿಗೆ ಏನಾಯಿತು ಅಂತ ನಿಜವಾಗಿ ಯೋಚಿಸುವವರೂ ಇಲ್ಲ. ಅವಳ ನರಳಾಟ ಒಂದು ಜೋಕಿಗೆ ಸಾಮಗ್ರಿ ಅಷ್ಟೇ. ಈ ದೃಶ್ಯದಲ್ಲಿ ಒಂದೂ ಬೈಗುಳ ಇಲ್ಲದಿದ್ದರೂ ಅದು ಚಿತ್ರದ ಅತಿ ಕೆಟ್ಟ ಭಾಗವಾಗೇ ಉಳಿಯುತ್ತಿತ್ತು. ಅಂದರೆ ಕೊಳಕು ಇರುವುದು ಪದದಲ್ಲಲ್ಲ, ಯಾರ ನೋವನ್ನು ಲೆಕ್ಕಕ್ಕೆ ಇಡುವುದಿಲ್ಲ ಅನ್ನುವುದರಲ್ಲಿ.

ಕೊನೆಯದು: ಸೋಮಾರಿತನವನ್ನು ಹೊಗಳುತ್ತದೆಯೇ?

ದಿನವಿಡೀ ಡಾಂಟೆಯ ಪಲ್ಲವಿ ಒಂದೇ: ಇವತ್ತು ನಾನು ಇಲ್ಲಿ ಇರಬೇಕಾದವನೇ ಅಲ್ಲ. ಮೊದಲ ಸಲ ಕೇಳಿದಾಗ ಅಯ್ಯೋ ಪಾಪ ಅನ್ನಿಸುತ್ತೆ. ಹತ್ತನೇ ಸಲಕ್ಕೆ ಕಿರಿಕಿರಿ. ಕೊನೆಗೆ ಇಬ್ಬರು ಗೆಳೆಯರೂ ಅಂಗಡಿಯೊಳಗೇ ಹೊಡೆದಾಡಿಕೊಂಡು, ಚೆಲ್ಲಿದ ಸಾಮಾನಿನ ನಡುವೆ ಕೂತಾಗ ರಾಂಡಲ್ ಸತ್ಯ ಹೇಳುತ್ತಾನೆ. ನಿನ್ನನ್ನು ಯಾರೂ ಕಟ್ಟಿಹಾಕಿ ಇಲ್ಲಿಗೆ ತರಲಿಲ್ಲ, ನೀನಾಗೇ ಬಂದೆ. ಬರೀ ಗಲ್ಲಾಪೆಟ್ಟಿಗೆಯ ಗುಂಡಿ ಒತ್ತುತ್ತಾ ಲೋಕದ ಭಾರ ಹೊತ್ತವನಂತೆ ಆಡಬೇಡ, ಅನ್ನುವ ಅರ್ಥದ ಮಾತು ಅದು.

ಹಾಗಂತ ರಾಂಡಲ್ ಗುರುವೇನಲ್ಲ. ಅವನು ನಾಲ್ಕು ವರ್ಷದ ಮಗುವಿಗೆ ಸಿಗರೇಟು ಮಾರಿರುತ್ತಾನೆ. 500 ಡಾಲರ್ ದಂಡ ಬೀಳುವುದು ಡಾಂಟೆಯ ತಲೆಗೆ. ಇಬ್ಬರಲ್ಲಿ ಒಬ್ಬ ಜವಾಬ್ದಾರಿ ಹೊತ್ತು ಗೊಣಗುತ್ತಾನೆ, ಇನ್ನೊಬ್ಬ ಗೊಣಗುವುದಿಲ್ಲ, ಜವಾಬ್ದಾರಿಯನ್ನೂ ಹೊರುವುದಿಲ್ಲ. ಚಿತ್ರ ಇಬ್ಬರನ್ನೂ ಪಾಸ್ ಮಾಡಿಲ್ಲ. ಸ್ಮಿತ್ ಮೊದಲು ಮಾಡಿದ್ದ ಕೊನೆಯಲ್ಲಿ ದರೋಡೆಕೋರನೊಬ್ಬ ಬಂದು ಡಾಂಟೆಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಆಮೇಲೆ ಹಿತೈಷಿಗಳ ಸಲಹೆಯಂತೆ ಅದನ್ನು ತೆಗೆದ. ಈಗಿನ ಚಿತ್ರ ಮುಗಿಯುವಾಗ ರಾಂಡಲ್ ಆ ಬೆಡ್‌ಶೀಟನ್ನು ಡಾಂಟೆಯತ್ತ ಎಸೆದು, ಅಂಗಡಿ ಮುಚ್ಚಿತು ಅಂತ ಹೇಳಿ ಹೊರಡುತ್ತಾನೆ. ಮರಣಕ್ಕಿಂತ ಇದೇ ಸರಿ. ಸತ್ತಿದ್ದರೆ ಡಾಂಟೆ ಗೊಣಗಿದ್ದು ನ್ಯಾಯ ಅಂತಾಗುತ್ತಿತ್ತು. ಬದುಕಿದ್ದರಿಂದ ನಾಳೆ ಏನು ಮಾಡ್ತೀಯ ಅನ್ನೋ ಪ್ರಶ್ನೆ ಅವನ ಕೊರಳಿಗೇ ಬಿತ್ತು.

ಈ ಪಲ್ಲವಿ ನಮ್ಮ ಕ್ಯಾಂಪಸ್ಸಿಗೂ ಹೊಸದಲ್ಲ. ಕೇಳಿದ್ದು ಒಂದು ಬ್ರಾಂಚ್, ಸಿಇಟಿ ಕೊಟ್ಟಿದ್ದು ಇನ್ನೊಂದು. ನನಗೆ ಬೇಕಿದ್ದದ್ದು ಇದಲ್ಲ, ಅಪ್ಪ ಸೇರಿಸಿದರು. ಈ ಮಾತುಗಳಲ್ಲಿ ನಿಜವೂ ಇರುತ್ತೆ. ಎಲ್ಲರಿಗೂ ಎದ್ದು ಹೋಗುವ ಅನುಕೂಲ ಇರುವುದಿಲ್ಲ, ಮನೆಯಲ್ಲಿ ಸಾಲ ಇರುತ್ತೆ. ಆದರೆ ಮೊದಲ ಸೆಮಿಸ್ಟರಿನಲ್ಲಿ ನಿಜವಾಗಿದ್ದ ದೂರು ಏಳನೇ ಸೆಮಿಸ್ಟರಿನಲ್ಲಿ ಬರೀ ಅಭ್ಯಾಸವಾಗಿರಬಹುದು. ಅವೆರಡರ ವ್ಯತ್ಯಾಸ ತೋರಿಸುವುದೇ ಈ ಚಿತ್ರದ ಬಲ.

ನೋಡಬೇಕೇ ಬೇಡವೇ ಅಂತ ಯಾರಾದರೂ ಕೇಳಿದರೆ ಹೀಗೆ ಹೇಳಬಹುದು: ಮನೆಯವರ ಜೊತೆ ಕೂತು ನೋಡಬೇಡಿ. ಕಿವಿಗೆ ಬಿದ್ದ ಬೈಗುಳ ಎಣಿಸುವ ಬದಲು ಯಾವ ದೃಶ್ಯದಲ್ಲಿ ಯಾರನ್ನು ನೋಡಿ ನಗುತ್ತಿದ್ದೀರಿ ಅಂತ ಗುರುತು ಮಾಡಿಕೊಳ್ಳಿ. ಆಮೇಲೆ ಗೆಳೆಯರ ಜೊತೆ ಜಗಳ ಆಡಿ. ಯಾವ ಪ್ರಶ್ನೆಯ ಮೇಲೆ ಅನ್ನೋದನ್ನು ಮಾತ್ರ ಮೊದಲೇ ತೀರ್ಮಾನಿಸಿಕೊಳ್ಳಿ.