ಗಾಲಿಗಳ ಮೇಲಿನ ಆಟ

ಮಕ್ಕಳೇ, ನೀವು ಕಬಡ್ಡಿ ಆಡಿರುವಿರಲ್ಲವೆ? ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಹಳ್ಳಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಆಟ. ಒಬ್ಬಳೇ ಹುಡುಗಿ ಉಸಿರು ಬಿಡದೆ 'ಕಬಡ್ಡಿ ಕಬಡ್ಡಿ' ಎನ್ನುತ್ತ ಎದುರು ತಂಡದೊಳಗೆ ನುಗ್ಗುತ್ತಾಳೆ. ಎದುರು ತಂಡದವರು ಅವಳನ್ನು ತಡೆಯುತ್ತಾರೆ. ಇಂಥ ಆಟವನ್ನು ಕಾಲಿಗೆ ಗಾಲಿ ಕಟ್ಟಿಕೊಂಡು ಆಡಿದರೆ ಹೇಗಿರುತ್ತದೆ? ಹೆಚ್ಚುಕಡಿಮೆ ಹಾಗೆಯೇ ಇರುವ ಒಂದು ಆಟವುಂಟು. ಅದರ ಹೆಸರು ರೋಲರ್ ಡರ್ಬಿ.

ಈ ಆಟಕ್ಕೆ ಬೇಕಾದುದು ಸ್ಕೇಟ್. ಸ್ಕೇಟ್ ಎಂದರೆ ಗಾಲಿಗಳನ್ನು ಜೋಡಿಸಿದ ಬೂಟು. ಮುಂದೆ ಎರಡು, ಹಿಂದೆ ಎರಡು, ಹೀಗೆ ಒಂದು ಬೂಟಿಗೆ ನಾಲ್ಕು ಗಾಲಿಗಳು. ಪ್ರತಿ ಗಾಲಿಯೊಳಗೆ ಬೇರಿಂಗ್ ಇರುತ್ತದೆ. ಬೇರಿಂಗಿನೊಳಗಿನ ಪುಟ್ಟ ಉಕ್ಕಿನ ಗುಂಡುಗಳು ಉರುಳುವುದರಿಂದ ಗಾಲಿ ಸಲೀಸಾಗಿ ತಿರುಗುತ್ತದೆ. ಕೊಯಮತ್ತೂರು ನೀರಿನ ಪಂಪುಗಳಿಗೆ ಹೆಸರಾದ ಊರು. ಆ ಪಂಪಿನ ಮೋಟಾರಿನೊಳಗೂ ಬೇರಿಂಗ್ ಇರುತ್ತದೆ. ಹೊಲಕ್ಕೆ ನೀರೆತ್ತುವ ಯಂತ್ರಕ್ಕೂ ಆಟದ ಬೂಟಿಗೂ ಹೀಗೊಂದು ನಂಟು!

ಆಟದ ಕ್ರಮವನ್ನು ನೋಡೋಣ. ನೆಲದ ಮೇಲೆ ಮೊಟ್ಟೆಯ ಆಕಾರದ ಪಥವನ್ನು ಗುರುತು ಮಾಡುತ್ತಾರೆ. ಒಂದೊಂದು ತಂಡದಿಂದ ಐದೈದು ಜನ ಇಳಿಯುತ್ತಾರೆ. ಎಲ್ಲರೂ ಒಂದೇ ದಿಕ್ಕಿನಲ್ಲಿ ಸಾಗುತ್ತಾರೆ. ಐವರಲ್ಲಿ ಒಬ್ಬಳ ಹೆಲ್ಮೆಟ್ಟಿನ ಮೇಲೆ ನಕ್ಷತ್ರದ ಗುರುತಿರುತ್ತದೆ. ಅವಳೇ ಜ್ಯಾಮರ್. ಉಳಿದ ನಾಲ್ವರು ಬ್ಲಾಕರ್‌ಗಳು. ಜ್ಯಾಮರ್ ಮೊದಲು ಗುಂಪನ್ನು ದಾಟಿ ಮುಂದೆ ಹೋಗಬೇಕು. ಪಥವನ್ನು ಸುತ್ತಿ ಬಂದು ಎರಡನೆಯ ಸಲ ದಾಟುವಾಗ, ಹಿಂದೆ ಹಾಕಿದ ಪ್ರತಿ ಎದುರಾಳಿ ಬ್ಲಾಕರಿಗೆ ಒಂದು ಅಂಕ. ಬ್ಲಾಕರ್‌ಗಳಿಗೆ ಎರಡು ಕೆಲಸ. ಎದುರು ತಂಡದ ಜ್ಯಾಮರನ್ನು ಮೈಯಿಂದ ತಡೆಯಬೇಕು; ತಮ್ಮ ಜ್ಯಾಮರಿಗೆ ದಾರಿ ಮಾಡಿಕೊಡಬೇಕು. ಕೆಲವೊಮ್ಮೆ ಗೆಳತಿ ಕೈ ಚಾಚುತ್ತಾಳೆ. ಜ್ಯಾಮರ್ ಆ ಕೈ ಹಿಡಿದು ಬೀಸಿ ಮುಂದಕ್ಕೆ ಚಿಮ್ಮುತ್ತಾಳೆ. ಕಾಲು ಅಡ್ಡ ಕೊಡುವುದು, ಮೊಣಕೈಯಿಂದ ಹೊಡೆಯುವುದು, ಬೆನ್ನು ತಳ್ಳುವುದು ತಪ್ಪು. ತಪ್ಪು ಮಾಡಿದವಳು ಸ್ವಲ್ಪ ಹೊತ್ತು ಹೊರಗೆ ಕೂರಬೇಕು.

ಒಂದು ಸರದಿ ಹೆಚ್ಚೆಂದರೆ 2 ನಿಮಿಷ. ಗುಂಪನ್ನು ಮೊದಲು ಸರಿಯಾಗಿ ದಾಟಿದ ಜ್ಯಾಮರ್ ಬೇಕೆಂದಾಗ ಎರಡು ಕೈಗಳಿಂದ ಸೊಂಟವನ್ನು ತಟ್ಟಿ ಆ ಸರದಿಯನ್ನು ನಿಲ್ಲಿಸಬಹುದು. ಕಬಡ್ಡಿಯಲ್ಲಿ ನುಗ್ಗಿದವಳು ಯಾವಾಗ ಹಿಂದಿರುಗಬೇಕೆಂದು ತಿಳಿದಿರಬೇಕಲ್ಲವೆ? ಇದೂ ಹಾಗೆಯೇ.

ಗಾಲಿಯ ಮೇಲೆ ನಿಂತವರು ಬೀಳದಿರುತ್ತಾರೆಯೆ? ಅದಕ್ಕೇ ಹೊಸಬರಿಗೆ ಕಲಿಸುವ ಮೊದಲ ಪಾಠಗಳಲ್ಲಿ ಬೀಳುವುದೂ ಒಂದು! ಹೆಲ್ಮೆಟ್ ಧರಿಸಬೇಕು. ಮೊಣಕಾಲು, ಮೊಣಕೈ, ಮಣಿಕಟ್ಟುಗಳಿಗೆ ಕಾಪು ಕಟ್ಟಬೇಕು. ಹಲ್ಲಿಗೂ ಕಾಪು ಬೇಕು. ಬೀಳುವಾಗ ಮೊಣಕಾಲಿನ ಕಾಪಿನ ಮೇಲೆ ಬಿದ್ದು, ಮೈಯನ್ನು ಮುದುರಿಕೊಳ್ಳಬೇಕು. ಬೆರಳುಗಳ ಮೇಲೆ ಯಾರ ಗಾಲಿಯೂ ಹರಿಯದಂತೆ ಮುಷ್ಟಿ ಹಿಡಿಯಬೇಕು. ಒಡನೆ ಏಳಬೇಕು.

ಈ ಆಟ 1935ರಲ್ಲಿ ಅಮೆರಿಕದ ಚಿಕಾಗೋ ನಗರದಲ್ಲಿ ಹುಟ್ಟಿತು. ಲಿಯೋ ಸೆಲ್ಟ್ಜರ್ ಎಂಬುವರು ಅದನ್ನು ಏರ್ಪಡಿಸಿದರು. ಆಗ ಅದು ಗಂಡಸರೂ ಹೆಂಗಸರೂ ಜೋಡಿಯಾಗಿ ಓಡುವ ಬಹು ದೂರದ ಓಟವಾಗಿತ್ತು. ಮುಂದೆ ಅದು ಹಣ ಗಳಿಸುವ ಪ್ರದರ್ಶನವಾಯಿತು. ಕಾಲ ಕಳೆದಂತೆ ಜನರ ಆಸಕ್ತಿ ಕುಗ್ಗಿತು. 2001ರಲ್ಲಿ ಆಸ್ಟಿನ್ ಎಂಬ ಊರಿನ ಮಹಿಳೆಯರು ಅದಕ್ಕೆ ಮತ್ತೆ ಜೀವ ಕೊಟ್ಟರು. 2003ರಲ್ಲಿ ಅವರಲ್ಲಿ ಕೆಲವರು ಬೇರೆಯಾಗಿ, ಆಟಗಾರ್ತಿಯರೇ ನಡೆಸುವ ಕೂಟವೊಂದನ್ನು ಕಟ್ಟಿದರು. ಹಿಂದೆ ಇಳಿಜಾರಿನ ಪಥ ಬೇಕಾಗುತ್ತಿತ್ತು; ಅದಕ್ಕೆ ಖರ್ಚು ಬಹಳ. ಇವರು ಸಮನೆಲದ ಮೇಲೆ ಗೆರೆ ಗುರುತಿಸಿ ಆಡಿದರು. ಆದ್ದರಿಂದ ಆಟ ಊರಿಂದೂರಿಗೆ ಹಬ್ಬಿತು. ಈಗ ಹಲವು ದೇಶಗಳಲ್ಲಿ ಇಂಥ ಕೂಟಗಳಿವೆ.

ಈ ಆಟಗಾರ್ತಿಯರು ಹವ್ಯಾಸಿಗಳು. ಆಡಿದ್ದಕ್ಕೆ ಅವರಿಗೆ ಸಂಬಳವಿಲ್ಲ. ಹಗಲೆಲ್ಲ ತಮ್ಮ ತಮ್ಮ ಉದ್ಯೋಗ ಮಾಡಿ, ಸಂಜೆ ಅಭ್ಯಾಸಕ್ಕೆ ಬರುತ್ತಾರೆ. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ದುಡಿಯುವ ತಾಯಂದಿರು ಸಂಜೆ ಎಷ್ಟು ದಣಿದು ಬರುತ್ತಾರೆಂದು ನೆನೆಯಿರಿ. ಅಂಥ ದಣಿವಿನ ಮೇಲೂ ಆಡಬೇಕಾದರೆ ಆಟದ ಮೇಲೆ ಎಷ್ಟು ಪ್ರೀತಿ ಇರಬೇಕು! ಕೂಟದ ಕೆಲಸವನ್ನೂ ಅವರೇ ಹಂಚಿಕೊಳ್ಳುತ್ತಾರೆ. ಒಬ್ಬಳು ಲೆಕ್ಕ ಬರೆಯುತ್ತಾಳೆ. ಒಬ್ಬಳು ಪಥದ ಗೆರೆ ಹಾಕುತ್ತಾಳೆ. ಒಬ್ಬಳು ಹೊಸಬರಿಗೆ ಕಲಿಸುತ್ತಾಳೆ. ನಮ್ಮ ಊರುಗಳ ಮಹಿಳಾ ಸ್ವಸಹಾಯ ಗುಂಪುಗಳು ನಡೆಯುವುದೂ ಹೀಗೆಯೇ ಅಲ್ಲವೆ?

ಗಾಲಿಗಳ ಮೇಲೆ ನಮ್ಮ ನಾಡಿನ ಹೆಣ್ಣುಮಕ್ಕಳೂ ಹೆಸರು ಗಳಿಸಿದ್ದಾರೆ. 2023ರ ಅಕ್ಟೋಬರ್ 2ರಂದು ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ಮಹಿಳೆಯರು 3000 ಮೀಟರ್ ಸ್ಕೇಟಿಂಗ್ ರಿಲೇ ಓಟದಲ್ಲಿ ಕಂಚಿನ ಪದಕ ಗೆದ್ದರು. ಆ ತಂಡದ ಕಾರ್ತಿಕಾ ಜಗದೀಶ್ವರನ್ ಮತ್ತು ಆರತಿ ಕಸ್ತೂರಿರಾಜ್ ತಮಿಳುನಾಡಿನವರು. ಅದು ಡರ್ಬಿಯಲ್ಲ, ವೇಗದ ಓಟ. ಆದರೆ ಅಲ್ಲಿಯೂ ಒಬ್ಬಳ ಗೆಲುವು ಇನ್ನೊಬ್ಬಳ ಕೈಯಲ್ಲಿರುತ್ತದೆ.

"ದೊಡ್ಡವಳಾದೆ, ಇನ್ನು ಆಟ ಸಾಕು" ಎಂಬ ಮಾತನ್ನು ಎಷ್ಟೋ ಹುಡುಗಿಯರು ಕೇಳುತ್ತಾರೆ. ಆಟಕ್ಕೆ ವಯಸ್ಸಿನ ಬೇಲಿ ಇಲ್ಲವೆಂದು ಈ ಮಹಿಳೆಯರು ತೋರಿಸಿದ್ದಾರೆ. ಹುಡುಗರೇ, ನಿಮ್ಮ ಅಕ್ಕತಂಗಿಯರಿಗೂ ಮೈದಾನದಲ್ಲಿ ಜಾಗ ಬಿಡಿ. ಹುಡುಗಿಯರೇ, ಆಟ ಬೇಕೆಂದರೆ ಅದರ ಕೆಲಸಕ್ಕೂ ಹೆಗಲು ಕೊಡಿ. ಆಗ ಆಟ ನಿಮ್ಮದಾಗುತ್ತದೆ.

ಪದಗಳ ಅರ್ಥ
ಹವ್ಯಾಸಿ – ಹಣಕ್ಕಾಗಿ ಅಲ್ಲದೆ ಪ್ರೀತಿಯಿಂದ ಆಡುವವರು
ಪಥ – ದಾರಿ
ಕಾಪು – ರಕ್ಷಣೆ

ಪ್ರಶ್ನೆಗಳು
1. ಜ್ಯಾಮರ್ ಅಂಕ ಗಳಿಸುವುದು ಹೇಗೆ?
2. ಬೀಳುವಾಗ ಮುಷ್ಟಿ ಹಿಡಿಯಬೇಕು ಏಕೆ?
3. ಸಮನೆಲದ ಮೇಲೆ ಆಡಿದ್ದರಿಂದ ಆದ ಅನುಕೂಲವೇನು?

ಮಾಡಿ ನೋಡಿ
ನಿಮ್ಮ ತಾಯಿ ಅಥವಾ ಅಜ್ಜಿ ಬಾಲ್ಯದಲ್ಲಿ ಯಾವ ಆಟ ಆಡುತ್ತಿದ್ದರು, ಯಾವಾಗ ನಿಲ್ಲಿಸಿದರು, ಏಕೆ ನಿಲ್ಲಿಸಿದರು ಎಂದು ಕೇಳಿ ಬರೆಯಿರಿ.