ಗುಂಡಿನ ವೇಗವೂ ಅಡ್ಡಗಾಳಿಯೂ

ಅಮೆರಿಕದ ಹುಲ್ಲುಗಾವಲುಗಳಲ್ಲಿ ಉಪದ್ರವಿಯೆಂದು ಎಣಿಸಲಾಗುವ ಪ್ರೇರಿ ಡಾಗ್ ಎಂಬ ದಂಶಕವನ್ನು ಬೇಟೆಗಾರರು 300 ಮೀಟರ್ ದೂರದಿಂದಲೂ ಹೊಡೆಯುವುದುಂಟು. ನೆಟ್ಟಗೆ ನಿಂತಾಗ ಅದರ ಅಗಲ ಅಂಗೈಯಷ್ಟೇ. ಇದಕ್ಕೆ ಎಂತಹ ತೋಟಾ ತಕ್ಕುದು? ಅತಿವೇಗದ್ದೇ ಎಂದು ಹಲವರೆನ್ನುವರು. 1935ರಲ್ಲಿ ಬಂದ .220 ಸ್ವಿಫ್ಟ್, 3 ಗ್ರಾಮಿನ ಗುಂಡನ್ನು ಸೆಕೆಂಡಿಗೆ ಸುಮಾರು 1,250 ಮೀಟರ್ ವೇಗದಿಂದ ಚಿಮ್ಮಿಸಿ ಹೆಸರಾಯಿತು.

ಆದರೆ ಹೊರಡುವ ವೇಗವೊಂದೇ ಸಾಲದು. ಸೆಕೆಂಡಿಗೆ 1,000 ಮೀಟರ್ ವೇಗದಿಂದ ಹೊರಟ ಗುಂಡಿಗೆ 300 ಮೀಟರ್ ಕ್ರಮಿಸಲು ನಿರ್ವಾತದಲ್ಲಿ 0.30 ಸೆಕೆಂಡು ಸಾಕು, ಗಾಳಿಯಲ್ಲಿ 0.36 ಹಿಡಿಯಿತೆನ್ನೋಣ. ಅಷ್ಟರಲ್ಲಿ ಗುರುತ್ವವು ಅದನ್ನು ಸುಮಾರು 64 ಸೆಂಟಿಮೀಟರ್ ಕೆಳಗೆಳೆಯುತ್ತದೆ. ದೂರ ತಿಳಿದಿದ್ದರೆ ಇದನ್ನು ಮೊದಲೇ ಸರಿಪಡಿಸಬಹುದು. ಗಾಳಿ ಹಾಗಲ್ಲ, ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಸ್ವಾರಸ್ಯವೇನೆಂದರೆ, ಅಡ್ಡಗಾಳಿಯಿಂದಾಗುವ ಸರಿತವನ್ನು ನಿರ್ಧರಿಸುವುದು ಇಡೀ 0.36 ಸೆಕೆಂಡಲ್ಲ, ತಡವಾದ 0.06 ಸೆಕೆಂಡು ಮಾತ್ರ. ಪ್ರತಿರೋಧವಿಲ್ಲದಿದ್ದರೆ ಗಾಳಿಗೆ ಗುಂಡಿನ ಮೇಲೆ ಹಿಡಿತವೇ ಇಲ್ಲವಷ್ಟೆ! ಗಾಳಿಯ ವೇಗ ಸೆಕೆಂಡಿಗೆ 5 ಮೀಟರ್ ಇದ್ದರೆ ಗುಂಡು 30 ಸೆಂಟಿಮೀಟರ್ ಸರಿಯುವುದು. ಗುರಿ ತಪ್ಪಲು ಇಷ್ಟು ಧಾರಾಳ. ತಿದ್ದಿಕೊಳ್ಳುವುದರಲ್ಲಿ ತುಸುವೇ ತಪ್ಪಿದರೆ ಪ್ರಾಣಿ ಗಾಯಗೊಂಡು ನರಳೀತು.

ಆದುದರಿಂದ ಅಡ್ಡಛೇದಕ್ಕೆ ಹೋಲಿಸಿದಲ್ಲಿ ತೂಕ ಹೆಚ್ಚಿರುವ, ನೀಳವಾದ ಚೂಪುಮೊನೆಯ ಗುಂಡು ತುಸು ನಿಧಾನವಾಗಿ ಹೊರಟರೂ ದೂರದಲ್ಲಿ ಮೇಲೆನಿಸುವುದು. ಅದರ ಲೋಹದ ಹೊದಿಕೆ ಮಾತ್ರ ತೆಳುವಾಗಿರಬೇಕು. ಅಂತಹ ಗುಂಡು ನೆಲಕ್ಕೆ ತಾಗಿದೊಡನೆ ಬಹುಮಟ್ಟಿಗೆ ಪುಡಿಯಾಗುವುದರಿಂದ, ಪುಟಿದು ದೂರದ ದನಕರುಗಳಿಗೆ ತಗಲುವ ಭಯ ಕಡಿಮೆ.