ದೂರವನ್ನು ಅಳೆಯುವ ಕ್ಯಾಮೆರಾ: ‘ಫೆಡ್’ನ ಕಥೆ

ಮದುವೆಯಲ್ಲಿಯೋ ಜಾತ್ರೆಯಲ್ಲಿಯೋ ಫೋಟೋ ತೆಗೆಸಿಕೊಳ್ಳುವಾಗ ನಾವೆಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತೇವೆ. ಆ ಹೊತ್ತಿನಲ್ಲಿ ಕ್ಯಾಮೆರಾ ಹಿಡಿದವನು ಏನು ಮಾಡುತ್ತಾನೆಂದು ವಿಚಾರಿಸುವವರು ವಿರಳ. ಈಗಿನ ಮೊಬೈಲು ದೂರವನ್ನು ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಫಿಲ್ಮಿನ ಕಾಲದಲ್ಲಿ ಆ ಕೆಲಸ ಮನುಷ್ಯನ ಕಣ್ಣಿಗೂ ಬೆರಳಿಗೂ ಸೇರಿದ್ದಿತು. ಅದಕ್ಕಾಗಿ ರಚಿಸಿದ ಒಂದು ಪುಟ್ಟ ಉಪಕರಣವೇ ರೇಂಜ್‌ಫೈಂಡರ್, ಅಂದರೆ ದೂರಮಾಪಕ. ಅದನ್ನು ಹೊಂದಿದ್ದ ಸೋವಿಯತ್ ದೇಶದ ‘ಫೆಡ್’ ಕ್ಯಾಮೆರಾದ ಕಥೆ ವಿದ್ಯಾರ್ಥಿಗಳಾದ ನಮಗೆ ವಿಶೇಷವಾಗಿ ತಿಳಿಯತಕ್ಕದ್ದಾಗಿದೆ. ಏಕೆಂದರೆ ಅದನ್ನು ಮೊದಲು ತಯಾರಿಸಿದವರಲ್ಲಿ ನಮ್ಮ ವಯಸ್ಸಿನ ಮಕ್ಕಳೂ ಇದ್ದರು.

ಹುಟ್ಟು

1914ರ ಮಹಾಯುದ್ಧ, ಆಮೇಲಿನ ಕ್ರಾಂತಿ, ಅಂತರ್ಯುದ್ಧ ಮತ್ತು ಕ್ಷಾಮಗಳಿಂದ ರಷ್ಯಾ, ಉಕ್ರೇನ್‌ಗಳಲ್ಲಿ ಲಕ್ಷಾಂತರ ಮಕ್ಕಳು ಅನಾಥರಾದರು. ಅವರು ರೈಲು ನಿಲ್ದಾಣಗಳಲ್ಲಿ ಮಲಗಿ, ಬೇಡಿ, ಕದ್ದು ಬದುಕುತ್ತಿದ್ದರು. ಇಂಥ ಮಕ್ಕಳಿಗಾಗಿ 1927ರಲ್ಲಿ ಉಕ್ರೇನಿನ ಖಾರ್ಕೋವ್ ನಗರದ ಬಳಿ ಒಂದು ದುಡಿಮೆಯ ವಸತಿಶಾಲೆ ಆರಂಭವಾಯಿತು. ಪ್ರಸಿದ್ಧ ಶಿಕ್ಷಣತಜ್ಞ ಆಂಟನ್ ಮಕರೆಂಕೊ ಅದನ್ನು 1935ರವರೆಗೆ ನಡೆಸಿದರು. ಶಾಲೆಗೆ ಫೆಲಿಕ್ಸ್ ಎಡ್ಮುಂಡೊವಿಚ್ ಜೆರ್ಜಿನ್‌ಸ್ಕಿ ಎಂಬವನ ಹೆಸರಿಟ್ಟಿದ್ದರು. ಆ ಮೂರು ಪದಗಳ ಮೊದಲಕ್ಷರಗಳೇ ‘ಫೆಡ್’. ಈತ ಅನಾಥ ಮಕ್ಕಳ ರಕ್ಷಣೆಯ ಆಯೋಗಕ್ಕೆ ಮುಖ್ಯಸ್ಥನಾಗಿದ್ದುದು ನಿಜ. ಹಾಗೆಯೇ ಸಾವಿರಾರು ಜನರನ್ನು ಬಲಿತೆಗೆದುಕೊಂಡ ಗುಪ್ತ ಪೊಲೀಸಿನ ಮುಖ್ಯಸ್ಥನಾಗಿದ್ದುದೂ ನಿಜ. ಚರಿತ್ರೆಯನ್ನು ಓದುವವರು ಎರಡನ್ನೂ ಮರೆಯಬಾರದು.

ಮಕ್ಕಳು ದಿನದಲ್ಲಿ ಕೆಲವು ಗಂಟೆ ಓದುತ್ತಿದ್ದರು, ಕೆಲವು ಗಂಟೆ ದುಡಿಯುತ್ತಿದ್ದರು. ಮೊದಲು ಮರಗೆಲಸ, ಬಳಿಕ ವಿದ್ಯುತ್ ಬೈರಿಗೆಗಳ ತಯಾರಿಕೆ, ಆಮೇಲೆ ಕ್ಯಾಮೆರಾ! ಜರ್ಮನಿಯ ಲೈಟ್ಸ್ ಕಂಪನಿ 1932ರಲ್ಲಿ ಹೊರತಂದ ‘ಲೈಕಾ 2’ ಕ್ಯಾಮೆರಾವನ್ನು ಬಿಚ್ಚಿ, ಅಳೆದು, ಅದರಂತೆಯೇ ಮಾಡಿದರು. 1934ರಲ್ಲಿ ‘ಫೆಡ್’ ಸಾಲುಸಾಲಾಗಿ ತಯಾರಾಗತೊಡಗಿತು. ಇದು ನಕಲು ಎಂಬುದರಲ್ಲಿ ಸಂಶಯವಿಲ್ಲ. ಆದರೆ ನಕಲು ಮಾಡುವುದು ಸುಲಭವೇ? ಒಂದು ಲೆಕ್ಕ ಮಾಡಿ ನೋಡೋಣ.

ಕೂದಲೆಳೆಯ ಲೆಕ್ಕ

ಈ ಕ್ಯಾಮೆರಾದ ಮಸೂರದ ನಾಭಿದೂರ 50 ಮಿ.ಮೀ. ಬಹುದೂರದ ಬೆಟ್ಟದ ಬಿಂಬ ಮಸೂರದಿಂದ ಸರಿಯಾಗಿ 50 ಮಿ.ಮೀ. ಹಿಂದೆ, ಫಿಲ್ಮಿನ ಮೇಲೆ ಬೀಳಬೇಕು. 2 ಮೀಟರು ದೂರದಲ್ಲಿ ನಿಂತ ಗೆಳೆಯನ ಬಿಂಬಕ್ಕಾದರೆ ಮಸೂರವನ್ನು ಇನ್ನೂ 1.28 ಮಿ.ಮೀ. ಮುಂದಕ್ಕೆ ಸರಿಸಬೇಕು. ಇದರಲ್ಲಿ ಕೇವಲ 0.1 ಮಿ.ಮೀ. ಹೆಚ್ಚಾದರೆ ಸ್ಪಷ್ಟತೆ 2 ಮೀಟರಿನಲ್ಲಿರದೆ 1.86 ಮೀಟರಿನಲ್ಲಿ ಬೀಳುತ್ತದೆ. ಅಂದರೆ ಗೆಳೆಯನ ಮುಖ ಮಸುಕಾಗಿ, ಅವನ ಮುಂದಿನ ಗಾಳಿ ಸ್ಪಷ್ಟವಾದಂತಾಯಿತು! ಕಾಗದದ ಹಾಳೆಯೊಂದರ ದಪ್ಪ ಸುಮಾರು 0.1 ಮಿ.ಮೀ. ನಿನ್ನೆಯವರೆಗೆ ಬೀದಿಯಲ್ಲಿದ್ದ ಮಕ್ಕಳ ಕೈ ಕಲಿಯಬೇಕಾಗಿದ್ದ ನಿಖರತೆ ಇಂಥದು. ಆರಂಭದ ಫೆಡ್‌ಗಳಲ್ಲಿ ಪ್ರತಿ ಮಸೂರವನ್ನೂ ಅದರದೇ ಪೆಟ್ಟಿಗೆಗೆ ಹೊಂದಿಸುತ್ತಿದ್ದರು. ಒಂದರ ಮಸೂರ ಇನ್ನೊಂದಕ್ಕೆ ಸರಿಹೊಂದುತ್ತಿರಲಿಲ್ಲ. ಅಳತೆಗಳು ಏಕರೂಪಕ್ಕೆ ಬಂದದ್ದು ಅನಂತರ.

ಎರಡು ಬಿಂಬ ಒಂದಾಗುವ ಬಗೆ

ಹಾಗಾದರೆ ಗೆಳೆಯ 2 ಮೀಟರು ದೂರದಲ್ಲಿದ್ದಾನೆಂದು ಕ್ಯಾಮೆರಾಕ್ಕೆ ತಿಳಿಯುವುದು ಹೇಗೆ? ನಿಮ್ಮ ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು, ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದನ್ನು ಮುಚ್ಚಿ ನೋಡಿರಿ. ಹೆಬ್ಬೆರಳು ಗೋಡೆಯ ಮೇಲೆ ಅತ್ತಿತ್ತ ನೆಗೆದಂತೆ ತೋರುತ್ತದೆ. ತೋಳನ್ನು ಚಾಚಿದರೆ ನೆಗೆತ ಕಡಿಮೆ. ಈ ನೆಗೆತವೇ ದೂರದ ಅಳತೆ.

ಕ್ಯಾಮೆರಾದ ಮುಂಭಾಗದಲ್ಲಿಯೂ ಎರಡು ಕಣ್ಣುಗಳಂತೆ ಎರಡು ಕಿಂಡಿಗಳಿವೆ. ಒಂದರ ಹಿಂದೆ ಅರೆಪಾರದರ್ಶಕ ಕನ್ನಡಿ, ಇನ್ನೊಂದರ ಹಿಂದೆ ತಿರುಗುವ ಭಾಗ. ನೋಡುವವನಿಗೆ ಎರಡು ಬಿಂಬಗಳು ಕಾಣುತ್ತವೆ. ಮಸೂರವನ್ನು ತಿರುಗಿಸಿದಂತೆ ಒಳಗಿನ ಸನ್ನೆಯು ಆ ಭಾಗವನ್ನು ತಿರುಗಿಸುತ್ತದೆ. ಎರಡು ಬಿಂಬಗಳು ಕೂಡಿ ಒಂದಾದಾಗ ಮಸೂರವೂ ತಕ್ಕ ಸ್ಥಾನಕ್ಕೆ ಬಂದಿರುತ್ತದೆ. ಕಿಂಡಿಗಳ ನಡುವಣ ಅಂತರಕ್ಕೆ ‘ಪಾದ’ ಎನ್ನೋಣ. 1955ರಲ್ಲಿ ಬಂದ ಫೆಡ್-2ರಲ್ಲಿ ಇದು 67 ಮಿ.ಮೀ. 1 ಮೀಟರು ದೂರದ ವಸ್ತುವಿಗೆ ಕೋನ ಸುಮಾರು 3.8 ಡಿಗ್ರಿ, 10 ಮೀಟರಿಗೆ 0.38 ಡಿಗ್ರಿ ಮಾತ್ರ. ಆದ್ದರಿಂದ ಪಾದ ಉದ್ದವಾದಷ್ಟೂ ಅಳತೆ ನಂಬಲರ್ಹ.

ನಾವು ಮಾಡಿದ ದೂರಮಾಪಕ

ಇದನ್ನು ಪರೀಕ್ಷಿಸಲು ನಾವು 60 ಸೆಂ.ಮೀ. ಅಂತರದಲ್ಲಿ ಎರಡು ಕನ್ನಡಿ ಚೂರುಗಳನ್ನು ಹಲಗೆಯ ಮೇಲೆ ನಿಲ್ಲಿಸಿದೆವು. ಒಂದು ಸ್ಥಿರ, ಇನ್ನೊಂದು ಮೊಳೆಯ ಮೇಲೆ ತಿರುಗುವಂಥದು. ಸ್ಥಿರ ಕನ್ನಡಿಯ ಮೇಲಂಚಿನಿಂದ ಅಂಗಳದ ಬೇವಿನ ಮರವನ್ನು ನೇರವಾಗಿಯೂ, ಅದರ ಕೆಳಗೆ ಕನ್ನಡಿಯೊಳಗೂ ನೋಡಿ, ಕಾಂಡ ಒಂದೇ ಗೆರೆಯಾಗುವಂತೆ ತಿರುಗಿಸಿದೆವು. ಹಗ್ಗದಿಂದ ಅಳೆದರೆ ಮರ 12 ಮೀಟರು. ನಮ್ಮ ಹಲಗೆ ಹೇಳಿದ್ದು 15! ನಾವು ನಾಚಿದೆವು. ಲೆಕ್ಕ ಮಾಡಿದಾಗ ಕಾರಣ ಹೊಳೆಯಿತು: ಕೋನಮಾಪಕವನ್ನು ಓದುವಲ್ಲಿ ಕಾಲು ಡಿಗ್ರಿಗಿಂತ ತುಸು ಹೆಚ್ಚು ತಪ್ಪಿದರೆ ಸಾಕು, 3 ಮೀಟರು ಏರುಪೇರಾಗುತ್ತದೆ. ಆಮೇಲೆ ಕೋನಮಾಪಕವನ್ನು ಬಿಟ್ಟು, ಕನ್ನಡಿಗೆ ಉದ್ದನೆಯ ಕಡ್ಡಿ ಅಂಟಿಸಿ, ಹಗ್ಗದಿಂದ ಅಳೆದ 5, 10, 15 ಮೀಟರುಗಳಲ್ಲಿ ಕಡ್ಡಿಯ ತುದಿಗೆ ಗುರುತು ಹಾಕಿದೆವು. ಆಗ ಹಲಗೆ ಸತ್ಯ ನುಡಿಯಿತು. ಉಪಕರಣವನ್ನು ತಿಳಿದ ಅಳತೆಗೆ ಹೊಂದಿಸದೆ ನಂಬಬಾರದೆಂಬುದು ನಾವು ಕಲಿತ ಪಾಠ.

ಈ ಪಾಠ ನಮ್ಮ ಸೀಮೆಗೆ ಹೊಸದಲ್ಲ. ಭಾರತವನ್ನು ತ್ರಿಕೋನಗಳಿಂದ ಅಳೆದ ಮಹಾಸರ್ವೇಕ್ಷಣೆಯಲ್ಲಿ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರಿನ ಬಳಿ ಒಂದು ಪಾದರೇಖೆಯನ್ನು ಅಳೆದರು. ಕನ್ಯಾಕುಮಾರಿಯ ಕಡೆಯಿಂದ ಬಂದ ಅವರ ರೇಖೆಯ ಒಂದು ಮುಖ್ಯ ಠಾಣೆ ದಾಮರಗಿದ್ದ. 1841ರಲ್ಲಿ ಬೀದರಿನ ಪಾದರೇಖೆಯನ್ನು ಮತ್ತೊಮ್ಮೆ ಅಳೆಯಲಾಯಿತು. ಪಾದ, ಎರಡು ಕೋನ, ಅದರಿಂದ ದೂರ: ಸರ್ವೇಕ್ಷಣೆಯವರಿಗೆ ಮೈಲಿಗಳ ಮಾತು, ಕ್ಯಾಮೆರಾಕ್ಕೆ ಮಿಲಿಮೀಟರುಗಳ ಮಾತು. ಗಣಿತವೊಂದೇ.

ಗುಣ ಮತ್ತು ದೋಷ

ಇದರೊಳಗೆ ದೊಡ್ಡ ಕನ್ನಡಿಯ ಗೂಡಿಲ್ಲದ್ದರಿಂದ ಪೆಟ್ಟಿಗೆ ತೆಳ್ಳಗೆ. ಮೊದಲ ಫೆಡ್‌ನ ಮಸೂರವಂತೂ ಒಳಕ್ಕೆ ಸರಿದು ಅಂಗಿಯ ಜೇಬಿಗೆ ಹಿಡಿಸುತ್ತಿದ್ದಿತು. 35 ಮಿ.ಮೀ. ಅಗಲದ ಸಿನಿಮಾ ಫಿಲ್ಮಿನ ಮೇಲೆ 24×36 ಮಿ.ಮೀ. ಅಳತೆಯ 36 ಚಿತ್ರಗಳು. ಆದರೆ ನೋಡುವ ಕಿಂಡಿ ಬೇರೆ, ಮಸೂರ ಬೇರೆ. ಹತ್ತಿರದಿಂದ ತೆಗೆದರೆ ತಲೆ ಕತ್ತರಿಸಿಹೋಗಬಹುದು; ಮಸೂರದ ಮುಚ್ಚಳ ತೆಗೆಯಲು ಮರೆತರೂ ಕಿಂಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ! ಶಟರಿನ ವೇಗವನ್ನು ಬದಲಿಸುವ ಮುನ್ನ ಕೀಲಿ ಕೊಡಬೇಕೆಂಬುದು ಇದನ್ನು ಬಳಸುವವರ ಮೊದಲ ನಿಯಮ.

ಮುಂದಿನ ಕಥೆ

1941ರಲ್ಲಿ ಜರ್ಮನ್ ಸೇನೆ ಖಾರ್ಕೋವನ್ನು ಹಿಡಿಯಿತು. ಕಾರ್ಖಾನೆಯನ್ನು ಸೈಬೀರಿಯದ ಕಡೆಗೆ ಸಾಗಿಸಿದ್ದರು. ಯುದ್ಧಾನಂತರ ಮಾಸ್ಕೋ ಬಳಿಯ ಕ್ರಾಸ್ನೊಗೋರ್ಸ್ಕ್ ಕಾರ್ಖಾನೆಯೂ ಇದೇ ಮಾದರಿಯನ್ನು ಕೈಗೆತ್ತಿಕೊಂಡು ‘ಜೋರ್ಕಿ’ ಎಂದು ಹೆಸರಿಟ್ಟಿತು. 1956ರಿಂದ 1973ರವರೆಗೆ ತಯಾರಾದ ಜೋರ್ಕಿ-4 ಅವುಗಳಲ್ಲಿ ಹೆಸರುವಾಸಿ. ಫೆಡ್ ಕ್ಯಾಮೆರಾಗಳ ತಯಾರಿಕೆ 1990ರ ದಶಕದಲ್ಲಿ ನಿಂತಿತು. ನಮ್ಮ ಉದಕಮಂಡಲದಲ್ಲಿ ‘ಇಂದು’ ಫಿಲ್ಮು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯೂ ಈಗ ಇಲ್ಲ.

ವಸ್ತುಗಳು ಹಳತಾಗುತ್ತವೆ, ಕಲಿತ ಕೈ ಹಳತಾಗುವುದಿಲ್ಲ. ಕೈಕೆಲಸದ ಮೂಲಕವೇ ವಿದ್ಯೆ ಬರಬೇಕೆಂದು ಗಾಂಧೀಜಿಯವರು 1937ರಲ್ಲಿ ವರ್ಧಾದಲ್ಲಿ ಹೇಳಿದರು. ಮನೂರಿನಂಥ ಊರಿನ ಮಕ್ಕಳಿಂದ ಏನಾದೀತು ಎಂದು ಯಾರಾದರೂ ಕೇಳಿದರೆ, ಮನೆಯೇ ಇಲ್ಲದಿದ್ದ ಮಕ್ಕಳು ಕಾಗದದ ದಪ್ಪದಷ್ಟು ತಪ್ಪನ್ನೂ ಸಹಿಸದ ಯಂತ್ರವನ್ನು ಮಾಡಿದರೆಂದು ನಾವು ಹೇಳೋಣ. ಹೇಳಿ ಸುಮ್ಮನಾಗದೆ, ನಮ್ಮ ಹಲಗೆಯ ಕನ್ನಡಿಗಳನ್ನು ಇನ್ನೊಮ್ಮೆ ಸರಿಪಡಿಸೋಣ.